ತೆಂಗಿನೆಣ್ಣೆ ಹಚ್ಚಿದ ಕೋವಿ

ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೇನೆಂದರೆ, ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ಗಡಿಯಾರವನ್ನೇ. ಬಹರೈನಿನ ಟುಬ್ಲಿಯಲ್ಲಿ ಹಮೀದಾಕರ ಗ್ಯಾರೇಜಿನ ತಗಡಿನ ಗೋಡೆಯ ಮೇಲೆ ಯಾವುದೋ ಟಯರ್ ಕಂಪೆನಿಯವರು ಕೊಟ್ಟ ದುಂಡು ಗಡಿಯಾರ ನೇತಾಡುತ್ತಿತ್ತು. ಹನ್ನೊಂದರೊಳಗೆ ಆಯುಧಪೂಜೆ ಮುಗಿಸಿ ಅವರನ್ನು ಶುಕ್ರವಾರದ ನಮಾಜಿಗೆ ಬಿಡಬೇಕಲ್ಲ ಎಂದು ತಲೆಯೆತ್ತಿದೆ. ದೊಡ್ಡ ಮುಳ್ಳು ಹದಿನೇಳನೆಯ ಗೆರೆಯ ಮೇಲಿತ್ತು. ಆಮೇಲೆ ಆ ಸದ್ದು. ನನ್ನ ಜಾತಕ ಬರೆದ ಜೋಯಿಸರಿಗೂ ನಾನು ಹುಟ್ಟಿದ ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲಿಲ್ಲ.

ನಾನು ಒಂದು ಕಾಲದಲ್ಲಿ ಕೋವಿಯ ಒಡೆಯನಾಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬುತ್ತಿರಲಿಲ್ಲ. ದಪ್ಪ ಕನ್ನಡಕ, ಸಣಕಲು ಮೈ, ಜಿರಳೆಯನ್ನು ಕಾಗದದಲ್ಲಿ ಎತ್ತಿ ಹೊರಗೆ ಬಿಡುವ ಸ್ವಭಾವ. ನಮ್ಮ ಮನೆಯಲ್ಲಿ ಆಯುಧವೆಂದರೆ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಒಂದೇ. ಪುತ್ತೂರಿನ ನಮ್ಮ ನೆರೆಯವರಲ್ಲಿ ಮಂಗ ಓಡಿಸಲೆಂದು ಒಂದು ಕೇಪಿನ ಕೋವಿ ಇತ್ತು. ಅದು ಹತ್ತು ಸಲ ಎಳೆದರೆ ಒಂದು ಸಲ ಈಡಾಗುತ್ತಿತ್ತು, ಮಂಗಗಳಿಗೂ ಆ ಲೆಕ್ಕ ಗೊತ್ತಿತ್ತು. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಬಹರೈನಿಗೆ ಬಂದು ಒಂದು ಬಣ್ಣದ ಕಂಪೆನಿಯ ಲ್ಯಾಬಿನಲ್ಲಿ ಸೇರಿಕೊಂಡೆ. ತಳದಲ್ಲಿ ತೂತಿರುವ ಒಂದು ಲೋಟಕ್ಕೆ ಬಣ್ಣ ತುಂಬಿ, ಅದು ಎಷ್ಟು ಸೆಕೆಂಡಿನಲ್ಲಿ ಸೋರಿ ಹೋಗುತ್ತದೆ ಎಂದು ಗಡಿಯಾರ ಹಿಡಿದು ಅಳೆಯುವುದು ನನ್ನ ಕೆಲಸ. ದ್ರವಗಳು ಹೇಗೆ ಹರಿಯುತ್ತವೆ, ಎಷ್ಟು ಬಿಸಿಗೆ ಹರಿಯುತ್ತವೆ, ಎಷ್ಟು ತಣ್ಣಗಾದರೆ ನಿಂತು ಬಿಡುತ್ತವೆ ಎಂದು ತಿಳಿದಿರುವುದಕ್ಕಾಗಿಯೇ ನನಗೆ ಸಂಬಳ ಕೊಡುತ್ತಿದ್ದರು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ನಾನಂತೂ ಮರೆತಿದ್ದೆ.

ಕಂಪೆನಿಯವರ ಕ್ಲಬ್ಬಿಗೆ ಆಗ ತಾನೇ ನಮ್ಮಂಥ ಭಾರತೀಯರನ್ನೂ ಸೇರಿಸಿಕೊಳ್ಳಲು ಶುರು ಮಾಡಿದ್ದರು. ನಾನು ಹೋಗುತ್ತಿದ್ದದ್ದು ಟೇಬಲ್ ಟೆನಿಸ್ ಆಡಲಿಕ್ಕೆ. ಕ್ಲಬ್ಬಿನ ಹಿಂದೆ, ಮರಳಿನ ಒಂದು ದಿಣ್ಣೆಗೆ ಎದುರಾಗಿ ಗುರಿ ಹೊಡೆಯುವ ಅಂಗಳವಿತ್ತು. ಅಲ್ಲಿ ನಮ್ಮ ಕಂಪೆನಿಯ ಗ್ರೀನ್ ಎಂಬ ಇಂಗ್ಲಿಷ್ ಇಂಜಿನಿಯರು ಒಂದು ಹಳೆಯ ರೈಫಲ್ ಹಿಡಿದು ನಿಲ್ಲುತ್ತಿದ್ದರು. ಅದು ಈಗಿನ ರೈಫಲುಗಳ ಹಾಗಲ್ಲ. ಕೈಹಿಡಿಯ ಕೆಳಗೆ ಬಳೆಯಂಥ ಒಂದು ಲಿವರ್. ಅದನ್ನು ಕೆಳಗೆ ತಳ್ಳಿದರೆ ಸುಟ್ಟ ತೋಟೆಯ ಚಿಪ್ಪು ಮೇಲಕ್ಕೆ ಹಾರುತ್ತದೆ. ಮತ್ತೆ ಮೇಲಕ್ಕೆ ಎಳೆದರೆ ಹೊಸ ತೋಟೆ ಒಳಗೆ ಕೂರುತ್ತದೆ. ತೋಟೆಗಳೆಲ್ಲ ನಳಿಕೆಯ ಅಡಿಯಲ್ಲಿರುವ ಇನ್ನೊಂದು ನಳಿಕೆಯೊಳಗೆ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ, ಹಿಂದಿನಿಂದ ಒಂದು ಸ್ಪ್ರಿಂಗ್ ಅವುಗಳನ್ನು ತಳ್ಳುತ್ತಿರುತ್ತದೆ. ಲಿವರ್ ಆಡಿಸುವಾಗ ಬರುವ ಆ 'ಕಟಕ್-ಟಕ್' ಸದ್ದಿಗೆ ನಾನು ಮರುಳಾದೆ. ಒಳ್ಳೆಯ ಬೀಗಕ್ಕೆ ಒಳ್ಳೆಯ ಕೀಲಿಕೈ ಬಿದ್ದಾಗ ಬರುವಂಥ ಸದ್ದು.

ಗ್ರೀನ್ ಊರಿಗೆ ಮರಳುವಾಗ ಅದನ್ನು ಮಾರಲು ಹೊರಟರು. ನಾನು ಕೊಂಡೆ. ಪೊಲೀಸರ ಕಾಗದ ಆಯಿತು. ರೈಫಲು ಕ್ಲಬ್ಬಿನ ಕಪಾಟಿನಲ್ಲೇ ಇರಬೇಕು, ಅಂಗಳ ಬಿಟ್ಟು ಆಚೆ ಹೋಗಬಾರದು ಎಂಬ ಷರತ್ತು. ಗ್ರೀನ್ ಕೊನೆಯ ದಿನ ಎರಡು ಪಾಠ ಹೇಳಿಕೊಟ್ಟರು. ಎಷ್ಟು ತೋಟೆ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಎಣಿಸು. ಮುಗಿದ ಮೇಲೆ ಕಿವಿಯನ್ನು ನಂಬಬೇಡ, ಬೆರಳು ಹಾಕಿ ನೋಡು. ಜೊತೆಗೆ ಕೋವಿಗೆಂದೇ ಇರುವ ಎಣ್ಣೆಯ ಒಂದು ಪುಟ್ಟ ಸೀಸೆ ಕೊಟ್ಟರು.

ನನ್ನ ಹೆಂಡತಿ ಸುಮತಿ ಎಲ್ಲವನ್ನೂ ಕೇಳಿ, "ನಮ್ಮ ಮನೆಗೆ ಬೇಕಿದ್ದದ್ದು ವಾಷಿಂಗ್ ಮೆಷಿನ್. ಇದರಲ್ಲಿ ಬಟ್ಟೆ ಒಗೀಲಿಕ್ಕೆ ಆಗ್ತದಾ ಅಂತ ಕೇಳಿ ತೆಗೊಂಡಿರಾ?" ಎಂದಳು.

ಅವಳ ತಮ್ಮ ವಸಂತ ಮಾತ್ರ ಕುಣಿದಾಡಿದ. ಆಗ ಅವನಿಗೆ ಇಪ್ಪತ್ತನಾಲ್ಕು. ಒಂದು ಕಂಪೆನಿಯ ಸ್ಟೋರ್‌ಕೀಪರಾಗಿ ಬಂದವನು ಉಮ್ ಅಲ್ ಹಸ್ಸಮ್‌ನ ನಮ್ಮ ಎರಡು ಕೋಣೆಯ ಮನೆಯ ಹಾಲಿನಲ್ಲಿ ಮಲಗುತ್ತಿದ್ದ. ಮಲಗುತ್ತಿದ್ದ ಎನ್ನುವುದಕ್ಕಿಂತ ಗೊರಕೆ ಹೊಡೆಯುತ್ತಿದ್ದ ಎನ್ನಬೇಕು. ನೀರೆತ್ತುವ ಪಂಪಿಗೂ ಅವನಿಗೂ ಸ್ಪರ್ಧೆ. ಶುಕ್ರವಾರ ಬೆಳಗ್ಗೆ ನಾವಿಬ್ಬರೂ ಅಂಗಳಕ್ಕೆ ಹೋಗುತ್ತಿದ್ದೆವು.

ಆ ಸುಖವನ್ನು ಹೇಳದೆ ಹೋದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಬಿಸಿಲೇರುವ ಮೊದಲಿನ ಮರಳು, ಕೆನ್ನೆಗೆ ಒತ್ತಿದ ಮರದ ತಂಪು, ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದ ಆ ಮರದ ನುಣುಪು. ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿಯಬೇಕು. ಆ ಅರ್ಧ ಉಸಿರಿನಲ್ಲಿ ಮ್ಯಾನೇಜರನ ಮೆಮೋ ಇರುವುದಿಲ್ಲ, ವೀಸಾದ ಚಿಂತೆ ಇರುವುದಿಲ್ಲ, ಊರಿನ ಕಾಗದ ಇರುವುದಿಲ್ಲ. ದೂರದಲ್ಲಿ ಒಂದು ಕಪ್ಪು ಬೊಟ್ಟು, ಇಲ್ಲಿ ನೀನು. ನಮ್ಮ ಭಾಷೆಯಲ್ಲಿ ಕೋವಿಯ ಟ್ರಿಗರನ್ನು ಕುದುರೆ ಎಂದು ಕರೆದವನು ಬಹಳ ತಿಳಿದವನಿರಬೇಕು. ಅದನ್ನು ಎಳೆಯುವ ಮೊದಲು ಸವಾರ ಸುಮ್ಮನಾಗಬೇಕು. ಜಪದಲ್ಲಿ ಕೂತಾಗ ಬಾರದ ಏಕಾಗ್ರತೆ ನನಗೆ ಆ ಅಂಗಳದಲ್ಲಿ ಬಂತು. ಹತ್ತರಲ್ಲಿ ಏಳು ಬೊಟ್ಟಿನೊಳಗೆ ಬಿದ್ದ ದಿನ ಆ ಕಾಗದವನ್ನು ಮನೆಗೆ ತಂದು ಪಂಚಾಂಗದ ಪಕ್ಕ ನೇತುಹಾಕಿದೆ. ಸುಮತಿ ಅದರ ತೂತುಗಳ ಮೂಲಕ ಹಾಲಿನವನ ಲೆಕ್ಕದ ಚೀಟಿ ಸಿಕ್ಕಿಸಿದಳು.

ಈಗ ಎಣ್ಣೆಯ ವಿಷಯ.

ನಮ್ಮ ಕರಾವಳಿಯವರಿಗೆ ತೆಂಗಿನೆಣ್ಣೆ ಎಂದರೆ ಏನೆಂದು ಒಳನಾಡಿನವರಿಗೆ ತಿಳಿಹೇಳುವುದು ಕಷ್ಟ. ಅದು ಅಡುಗೆಗೆ, ತಲೆಗೆ, ದೀಪಕ್ಕೆ. ಸುಟ್ಟ ಗಾಯಕ್ಕೆ, ಒಡೆದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ. ಅಮ್ಮ ಹೊಲಿಗೆ ಮೆಷಿನ್ನಿಗೂ ಅದನ್ನೇ ಬಿಡುತ್ತಿದ್ದಳು, ಅಪ್ಪ ಸೈಕಲ್ ಚೈನಿಗೂ. ತೆಂಗಿನೆಣ್ಣೆಯಿಂದ ಗುಣವಾಗದ್ದು ಡಾಕ್ಟರರಿಂದಲೂ ಆಗದು ಎಂಬುದು ನಮ್ಮ ನಂಬಿಕೆ. ಬಹರೈನಿಗೆ ಬರುವ ಪ್ರತಿಯೊಬ್ಬನ ಪೆಟ್ಟಿಗೆಯಲ್ಲೂ ಬಟ್ಟೆಗೆ ಸುತ್ತಿದ ಒಂದು ಬಾಟಲಿ ಇದ್ದೇ ಇರುತ್ತಿತ್ತು. ಗ್ರೀನ್ ಕೊಟ್ಟ ಸೀಸೆ ಖಾಲಿಯಾದಾಗ, ಲಿವರಿನಲ್ಲಿ ಮರಳು ಸಿಕ್ಕಿ ಕರಕರ ಎನ್ನತೊಡಗಿದಾಗ, ನನ್ನ ಕೈ ತಾನಾಗಿ ಹೋದದ್ದು ಆ ಬಾಟಲಿಯ ಕಡೆಗೆ. ಲಿವರಿಗೆ ಬಿಟ್ಟೆ. ಇರಲಿ ಎಂದು ತೋಟೆಯ ನಳಿಕೆಯೊಳಗೂ ಧಾರಾಳವಾಗಿ ಬಿಟ್ಟೆ. ಕರಕರ ನಿಂತಿತು. "ಇಂಗ್ಲಿಷರ ಎಣ್ಣೆಗಿಂತ ಇದೇ ವಾಸಿ ಭಾವ" ಎಂದ ವಸಂತ. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ.

ತೆಂಗಿನೆಣ್ಣೆ ತಂಪಿಗೆ ಗಟ್ಟಿಯಾಗುತ್ತದೆ. ಊರಿನ ಚಳಿಗಾಲದಲ್ಲಿ ಬೆಳಗ್ಗೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸದವರು ಯಾರು? ಕಾಲೇಜಿನ ಲ್ಯಾಬಿನಲ್ಲಿ ಅದು ಎಷ್ಟು ಡಿಗ್ರಿಗೆ ಕರಗುತ್ತದೆಂದು ನಾನೇ ಅಳೆದು ಬರೆದಿದ್ದೆ, ಮೇಷ್ಟ್ರು 'ಚೆನ್ನಾಗಿದೆ' ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದರು. ಕ್ಲಬ್ಬಿನ ಕಪಾಟಿನ ಕೋಣೆಯಲ್ಲಿ ಏಸಿ ಹಗಲಿರುಳು ಓಡುತ್ತಿತ್ತು. ಒಳಗೆ ಹೋದರೆ ಹಲ್ಲು ಕಟಕಟ ಎನ್ನುತ್ತಿದ್ದವು. ಇಷ್ಟೆಲ್ಲ ತಿಳಿದಿದ್ದರೂ ಒಂದು ತಿಳಿವಳಿಕೆಯನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ.

ಆಯುಧಪೂಜೆಯ ಹಿಂದಿನ ಶುಕ್ರವಾರ ನಾವು ಸರದಿಯ ಮೇಲೆ ಹೊಡೆಯುತ್ತಿದ್ದಾಗ ಧೂಳುಗಾಳಿ ಎದ್ದಿತು. ರೈಫಲು ಹಿಡಿದು ಒಳಗೆ ಓಡಿದೆವು. ಏಸಿ ಕೋಣೆಯಲ್ಲಿ ಅದನ್ನು ಗೋಡೆಗೆ ಒರಗಿಸಿ, ಮುಕ್ಕಾಲು ಗಂಟೆ ಚಾ ಕುಡಿಯುತ್ತ ಹರಟೆ ಹೊಡೆದು, ಆಮೇಲೆ ನಾನು ಲಿವರ್ ಆಡಿಸಿ ಉಳಿದ ತೋಟೆಗಳನ್ನು ಹೊರಗೆ ತೆಗೆದೆ. ಮೂರು ಬಂದವು. ನಾಲ್ಕನೆಯ ಸಲ ಏನೂ ಬರಲಿಲ್ಲ, ಐದನೆಯ ಸಲವೂ ಇಲ್ಲ. ಖಾಲಿ. ಎಷ್ಟು ಒಳಗೆ ಹೋಗಿತ್ತು? ವಸಂತ ಎಣಿಸಿರಬಹುದು ಎಂದು ನಾನು, ನಾನು ಎಣಿಸಿರಬಹುದು ಎಂದು ಅವನು. ಬೆರಳಂತೂ ಹಾಕಲಿಲ್ಲ, ಎಣ್ಣೆ ಮೆತ್ತಿಕೊಳ್ಳುತ್ತದಲ್ಲ!

ಗಲ್ಫಿನಲ್ಲಿ ನಮ್ಮ ಹಬ್ಬಗಳೆಲ್ಲ ಶುಕ್ರವಾರಕ್ಕೆ ಬರುತ್ತಿದ್ದವು. ಪಂಚಾಂಗದಲ್ಲಿ ನವಮಿ ಯಾವ ವಾರ ಬಿದ್ದರೂ ದೇವರು ರಜೆಯ ತನಕ ಕಾಯಬೇಕು. ಉಮ್ ಅಲ್ ಹಸ್ಸಮ್‌ನ ಇಕ್ಕಟ್ಟಿನ ಓಣಿಯಲ್ಲಿ ಕಾರುಗಳನ್ನು ಸಾಲು ನಿಲ್ಲಿಸಿ ಆರತಿ ಎತ್ತಲು ಜಾಗವಿರಲಿಲ್ಲ. ಹೀಗಾಗಿ ನಮ್ಮ ಐದಾರು ಮನೆಗಳ ಆಯುಧಪೂಜೆ ಹಮೀದಾಕರ ಗ್ಯಾರೇಜಿನಲ್ಲಿ. ಹಮೀದ್ ಬಂಟ್ವಾಳ ಕಡೆಯ ಬ್ಯಾರಿಗಳು. ಐವತ್ತು ದಾಟಿದವರು, ನಮಗೆಲ್ಲ ಅಣ್ಣನ ಹಾಗೆ, ಆದ್ದರಿಂದ ಹಮೀದಾಕ. ನಮ್ಮೆಲ್ಲರ ಮುದಿ ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟಿದ್ದವರು ಅವರೇ. ಪೂಜೆಯ ದಿನ ನೆಲ ತೊಳೆಸಿ, ಚಕ್ರಗಳಡಿಗೆ ಇಡುವ ನಿಂಬೆಹಣ್ಣುಗಳನ್ನು ತಾವೇ ತಂದಿಡುತ್ತಿದ್ದರು.

"ನೋಡಿ ರಾಯರೇ, ನಿಮ್ಮ ಕಾರಿಗೆ ಎರಡು ಲಿಂಬೆ ಜಾಸ್ತಿ ಇಟ್ಟಿದ್ದೇನೆ" ಎನ್ನುತ್ತಿದ್ದರು ನನಗೆ. "ಅದರ ಬ್ರೇಕ್ ಇರುವುದು ನಿಮ್ಮ ದೇವರ ಕೈಯಲ್ಲೇ. ನಾನು ಸೋತೆ."

ಪ್ರತಿವರ್ಷ ನಾವು ಪೂಜಿಸುತ್ತಿದ್ದದ್ದು ಸ್ಪ್ಯಾನರು, ಜ್ಯಾಕು, ಒಂದು ಟೈಪ್‌ರೈಟರು. ನಿಜವಾದ ಆಯುಧವೇ ಇಲ್ಲದ ಆಯುಧಪೂಜೆ. ಆ ವರ್ಷ ನನ್ನಲ್ಲಿ ಒಂದಿತ್ತು. ಜಂಬ ಎಂಬುದು ಬೇರೆ ಯಾವ ರೂಪದಲ್ಲಿ ಬಂದಿದ್ದರೂ ಗುರುತಿಸುತ್ತಿದ್ದೆನೇನೋ, ಭಕ್ತಿಯ ರೂಪದಲ್ಲಿ ಬಂತು. ಕಪಾಟಿನ ಕಾವಲಿಗಿದ್ದವರು ನಮ್ಮ ಸೈನ್ಯದಿಂದ ನಿವೃತ್ತರಾದ ಪಂಜಾಬಿ ಸುಬೇದಾರರು. ಪೂಜೆಗೆ ಎಂದೊಡನೆ ಅವರ ಮುಖ ಅರಳಿತು. "ಪೂಜಾ ಕೇ ಲಿಯೇ? ಲೇ ಜಾಯಿಯೇ. ಬಾರಹ್ ಬಜೇ ತಕ್ ವಾಪಸ್." ಹನ್ನೆರಡರೊಳಗೆ ಮರಳಿಸಿದರೆ ಸಾಕು ಎಂದು ಒಪ್ಪಿದರು. ಅವರೆದುರು ಆ ತಣ್ಣನೆಯ ಕೋಣೆಯಲ್ಲಿ ನಾನು ಇನ್ನೊಮ್ಮೆ ಲಿವರ್ ಆಡಿಸಿ ತೋರಿಸಿದೆ. ಏನೂ ಬರಲಿಲ್ಲ. ಪುಸ್ತಕದಲ್ಲಿ 'ಶುಚಿ ಮಾಡಲು' ಎಂದು ಬರೆದು ಸಹಿ ಹಾಕಿದೆ. ಷರತ್ತು ಮುರಿದದ್ದು ನಾನು; ಅವರು ಹಬ್ಬಕ್ಕೆ ಮರ್ಯಾದೆ ಕೊಟ್ಟರು, ಅಷ್ಟೆ.

ಗ್ಯಾರೇಜಿನ ತಗಡಿನ ಸೂರಿನಡಿ ಒಂಬತ್ತು ಗಂಟೆಗೇ ಬಾಣಲೆಯ ಕಾವು. ರೈಫಲಿಗೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಸುತ್ತಿ, ಚಾಪೆಯ ಮೇಲೆ ಮಲಗಿಸಿದೆವು. ಒಂದು ಗಂಟೆ ಅದು ಆ ಕಾವಿನಲ್ಲಿ ಮಲಗಿತ್ತು. ಒಳಗೆ ಏನು ಕರಗುತ್ತಿದೆ ಎಂದು ಯಾರಿಗೆ ಗೊತ್ತು! ಎಲ್ಲರೂ ಸುತ್ತ ನೆರೆದು ಅದನ್ನೇ ನೋಡಿದರು. ಒಮ್ಮೆ ಆ ಸದ್ದು ಕೇಳಿಸು ಎಂದರು. ವಸಂತ ಎತ್ತಿಕೊಂಡ, ನನ್ನ ಕಡೆ ತಿರುಗಿದ.

"ಭಾವ, ಖಾಲಿ ಅಲ್ವಾ?"

"ಖಾಲಿ ಮಾರಾಯ. ನಾನೇ ನೋಡಿದ್ದೇನೆ" ಎಂದು ಗಡಿಯಾರದ ಕಡೆ ತಲೆಯೆತ್ತಿದೆ.

ಅವನು ಜನರಿಲ್ಲದ ಗೋಡೆಯ ಕಡೆಗೆ ತಿರುಗಿಸಿಯೇ ಹಿಡಿದಿದ್ದ, ಅದನ್ನು ಹೇಳಲೇಬೇಕು. ಆದರೆ ಜನರಿಲ್ಲ ಎಂದು ನಮಗೆ ಕಂಡದ್ದು ಅಲ್ಲಿ ನಿಂತಿದ್ದವರು ಬಗ್ಗಿದ್ದರಿಂದ. ನನ್ನ ಕಾರಿನ ಮುಂದಿನ ಚಕ್ರದಡಿಯ ನಿಂಬೆಹಣ್ಣು ಉರುಳಿ ಹೋಗಿತ್ತು. ಅದನ್ನು ಮತ್ತೆ ಇಡಲು ಹಮೀದಾಕ ಕಾರಿನ ಆಚೆ ಬದಿಯಲ್ಲಿ ಬಗ್ಗಿದ್ದರು. ಕಟಕ್-ಟಕ್. ಆಮೇಲೆ ವಸಂತನ ಬೆರಳು ಕುದುರೆಯನ್ನು ಎಳೆಯಿತು.

ಸದ್ದು ನಿಂತ ಮೇಲೆ ಕಾರಿನ ಆಚೆಯಿಂದ ಹಮೀದಾಕ ನಿಧಾನವಾಗಿ ಎದ್ದು ನಿಂತರು. ಕೈಯಲ್ಲಿ ನಿಂಬೆಹಣ್ಣು. ಅವರ ಹಿಂದೆ ತಗಡಿನಲ್ಲಿ ಒಂದು ತೂತು, ಅದರಿಂದ ಬೆಳಕಿನ ಒಂದು ಕಡ್ಡಿ. ನೆಟ್ಟಗೆ ನಿಂತಾಗ ಆ ಬೆಳಕು ಕಾಣೆಯಾಯಿತು. ಅವರ ಎದೆ ಅದನ್ನು ಮುಚ್ಚಿತ್ತು.

ಪಕ್ಕದ ವರ್ಕ್‌ಶಾಪಿನಿಂದ ನಾಲ್ಕೈದು ಜನ ಓಡಿಬಂದರು. "ಕ್ಯಾ ಹುವಾ?"

ಮಾತಾಡಿದ್ದು ಹಮೀದಾಕ ಒಬ್ಬರೇ. "ಟಾಯರ್! ಪುರಾನಾ ಟಾಯರ್ ಫಟ್ ಗಯಾ. ಜಾಓ ಜಾಓ, ಚಾಯ್ ಪಿಯೋ." ಹಳೆ ಟಯರು ಸಿಡಿದದ್ದೆಂದು ನಂಬಿ ಬಂದವರು ನಗುತ್ತ ಹೋದರು. ಸಾವು ತಪ್ಪಿದ ಮನುಷ್ಯ ಆಡಿದ ಮೊದಲ ಮಾತು ನಮ್ಮನ್ನು ಉಳಿಸುವ ಸುಳ್ಳು. ಗುಂಡು ತಗಡನ್ನು ದಾಟಿ ಹಿಂದಿನ ಹಳೆ ಟಯರುಗಳ ರಾಶಿಯಲ್ಲಿ ಹುದುಗಿತ್ತು ಎಂದು ಆಮೇಲೆ ಗೊತ್ತಾಯಿತು. ಸುಳ್ಳು ಸ್ವಲ್ಪ ನಿಜವೂ ಆಯಿತು.

"ಮಂಗಳಾರತಿ ಬಾಕಿ ಉಂಟಲ್ವಾ? ಮುಗಿಸಿ" ಎಂದು ಹೇಳಿ ಅವರು ನಮಾಜಿಗೆ ಕೈಕಾಲು ತೊಳೆಯಲು ನಲ್ಲಿಯ ಮುಂದೆ ಕೂತರು. ಕೂತವರು ಬಹಳ ಹೊತ್ತು ಏಳಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು.

ಇತ್ತ ಎಲ್ಲರೂ ವಸಂತನ ಕಡೆ ತಿರುಗಿದರು. "ಎಂಥ ಮಾಡಿದ್ದು ನೀನು? ತಲೆ ಸರಿ ಉಂಟಾ?" ಅವನು ರೈಫಲನ್ನು ನಿದ್ದೆ ಹೋದ ಮಗುವಿನ ಹಾಗೆ ಚಾಪೆಯ ಮೇಲೆ ಮಲಗಿಸಿ ನನ್ನನ್ನು ನೋಡಿದ. ನಾನು ಹೇಳಬೇಕಿದ್ದದ್ದು ಮೂರೇ ಶಬ್ದ: ಖಾಲಿ ಅಂದದ್ದು ನಾನು ಎಂದು. ಅದರ ಬದಲು ನನ್ನ ಬಾಯಿಂದ ಬಂದದ್ದು, "ನೋಡಿ ಮಾಡ್ಬೇಕಿತ್ತಲ್ಲ ವಸಂತ."

ಗುಂಡು ಆಕಸ್ಮಿಕ. ಈ ಮಾತು ಆಕಸ್ಮಿಕವಲ್ಲ. ಆ ದಿನವನ್ನು ನಾನು ಮತ್ತೆ ಮತ್ತೆ ಆಡಿಸಿ ನೋಡುವಾಗ ಮೈ ನಡುಗುವುದು ಸದ್ದಿನ ಹತ್ತಿರ. ಆದರೆ ಮುಖ ಮುಚ್ಚಿಕೊಳ್ಳುವಂತಾಗುವುದು ಈ ಮಾತಿನ ಹತ್ತಿರ.

ಮೂರನೆಯ ದಿನ ಕ್ಲಬ್ಬಿಗೆ ಹೋಗಿ ತಿರುಪು ಬಿಚ್ಚಿ ನಳಿಕೆಯನ್ನು ಹೊರಗೆಳೆದೆ. ತಂಪಿನಲ್ಲಿ ಎಣ್ಣೆ ಮತ್ತೆ ಹೆಪ್ಪುಗಟ್ಟಿ, ಧೂಳು ಬೆರೆತು, ಬೂದು ಬಣ್ಣದ ಮೇಣವಾಗಿತ್ತು. ಸ್ಪ್ರಿಂಗು ಅದರಲ್ಲಿ ಹೂತು ನಿಂತಿತ್ತು. ಎಲ್ಲ ಒಮ್ಮೆಗೇ ಅರ್ಥವಾಯಿತು: ಅಂದು ತಂಪಿನಲ್ಲಿ ಒಂದು ತೋಟೆ ಒಳಗೇ ಅಂಟಿ ನಿಂತಿತ್ತು, ಗ್ಯಾರೇಜಿನ ಕಾವಿಗೆ ಎಣ್ಣೆ ಕರಗಿ ಸ್ಪ್ರಿಂಗು ಅದನ್ನು ತಳ್ಳಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಅಮ್ಮನ ಜಡೆಯ ವಾಸನೆ. ಕರ್ಚೀಫಿನಿಂದ ಒರೆಸಿ, ಮತ್ತೆ ತಿರುಪು ಬಿಗಿದು, ಯಾರಿಗೂ ಹೇಳದೆ ಮನೆಗೆ ಬಂದೆ. ಬಟ್ಟೆ ನೆನೆಸುವಾಗ ಸುಮತಿ, "ಕರ್ಚೀಫಿಗೆ ಯಾಕೆ ತಲೆಎಣ್ಣೆ ವಾಸನೆ?" ಎಂದು ಕೇಳಿದಳು. ಏನೋ ಹೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬಕೆಟಿಗೆ ಸೋಪಿನ ಪುಡಿ ಸ್ವಲ್ಪ ಜಾಸ್ತಿಯೇ ಹಾಕಿದಳು.

ವಸಂತ ಊಟ ಬಿಟ್ಟ. ಹಾಲಿನಲ್ಲಿ ಗೊರಕೆ ನಿಂತಿತು. ಆ ಗೊರಕೆಗೆ ನಾನು ಎಷ್ಟು ಬೈದಿದ್ದೆ! ಈಗ ಅದಿಲ್ಲದ ಮೌನದಲ್ಲಿ ಗೋಡೆಯ ಈಚೆ ನಾನು ಎಚ್ಚರ, ಆಚೆ ಅವನು ಎಚ್ಚರ. ಟುಬ್ಲಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಒಂದು ದಿನ ಸುಮತಿ ಹೇಳಿದಳು: "ಅವನು ಊರಿಗೆ ಹೋಗ್ತಾನಂತೆ. ಕೆಲಸ ಬಿಡ್ತಾನಂತೆ. ಹಮೀದಾಕನ ಮುಖ ಹೇಗೆ ನೋಡೋದು ಅಕ್ಕ ಅಂತಾನೆ."

ಹನ್ನೆರಡನೆಯ ದಿನ ನಾನು ಟುಬ್ಲಿಗೆ ಹೋದೆ. ತಗಡಿನ ತೂತು ಇರಲಿಲ್ಲ. ಆ ಮಧ್ಯಾಹ್ನವೇ ಹಮೀದಾಕ ಅಲ್ಲೊಂದು ಬೋಲ್ಟು ಹಾಕಿ, ವಾಷರು ಕೊಟ್ಟು ಬಿಗಿದು, ಮೇಲೆ ಬಣ್ಣ ಬಳಿದಿದ್ದರಂತೆ. ಅದು ಅವರ ಅಂಗಿಯ ಎಷ್ಟನೆಯ ಗುಂಡಿಯ ಎತ್ತರಕ್ಕಿದೆ ಎಂದು ನನ್ನ ಕಣ್ಣು ತಾನಾಗಿ ಅಳೆಯಿತು. ಮೂರನೆಯದು. ಎಣ್ಣೆ, ಏಸಿ, ಸ್ಪ್ರಿಂಗು, ಕರ್ಚೀಫು, ಎಲ್ಲವನ್ನೂ ಹೇಳಿದೆ. ಅವರು ಕೈಗೆ ಅಂಟಿದ ಗ್ರೀಸನ್ನು ಒರೆಸುತ್ತ ಕೇಳಿದರು.

"ವಸಂತನಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನಗೆ ಯಾಕೆ ಹೇಳುದು ಮಾರಾಯ್ರೆ? ನಾನು ಅವತ್ತೇ ಬಗ್ಗಿ ತಪ್ಪಿಸಿಕೊಂಡೆ. ಗುಂಡು ಹೊಕ್ಕಿದ್ದು ಆ ಹುಡುಗನಿಗೆ. ಹೋಗಿ ಅವನಿಗೆ ಹೇಳಿ." ಅಷ್ಟು ಹೇಳಿ ಮತ್ತೆ ಒಂದು ಕಾರಿನಡಿಗೆ ತೂರಿಕೊಂಡರು. ಚಾ ಕುಡಿಯಿರಿ ಎನ್ನಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ.

ಆ ಸಂಜೆ ವಸಂತನನ್ನು ಆಫೀಸಿನಿಂದ ಕರೆತರುವಾಗ, ನಮ್ಮ ಓಣಿಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹೇಳಿದೆ. ಅವನು ಮುಂದಿನ ಗಾಜನ್ನೇ ನೋಡುತ್ತ ಕೇಳಿದ.

"ಯಾವಾಗ ಗೊತ್ತಾಯ್ತು ಭಾವ?"

"ಮೂರನೇ ದಿನ."

"ಒಂಬತ್ತು ದಿವಸ" ಎಂದ. ಆಮೇಲೆ, "ನಾನು ಕೇಳಿದ್ದೆ ನಿಮ್ಮತ್ರ. ಖಾಲಿಯಾ ಅಂತ ಕೇಳಿದ್ದೆ. ಕೇಳಿದ್ದೇನಾ ಇಲ್ವಾ ಅಂತ ನನಗೇ ಸಂಶಯ ಬರ್ಲಿಕ್ಕೆ ಶುರುವಾಗಿತ್ತು" ಎಂದ. ಬಾಗಿಲು ತೆಗೆದು ಇಳಿದು ನಡೆದು ಹೋದ. ಬಾಗಿಲನ್ನು ಬಡಿಯಲೂ ಇಲ್ಲ. ಬಡಿದಿದ್ದರೆ ಚೆನ್ನಾಗಿತ್ತು.

ಮೂರು ದಿನ ನನ್ನೊಡನೆ ಮಾತಿಲ್ಲ. ಊಟಕ್ಕೆ ಎದುರೇ ಕೂತು, "ಅಕ್ಕ, ಅವರಿಗೆ ಸಾರು ಬೇಕಾ ಕೇಳು" ಎನ್ನುತ್ತಿದ್ದ. ಆದರೆ ತಾನೂ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಶುಕ್ರವಾರ. ಯಾರಿಗೂ ಹೇಳದೆ ಬಸ್ಸು ಹಿಡಿದು ಒಬ್ಬನೇ ಟುಬ್ಲಿಗೆ ಹೋದ. ಸಂಜೆ ಬಂದವನ ಅಂಗಿಯ ತುಂಬ ಗ್ರೀಸು, ಹೊಟ್ಟೆಯಲ್ಲಿ ಹಮೀದಾಕರ ಮನೆಯ ಊಟ. ಪುಟ್ಟ ತಗಡಿನ ಡಬ್ಬಿಯೊಂದನ್ನು ನನ್ನ ಮುಂದಿಟ್ಟ. ಮೆಷಿನ್ ಎಣ್ಣೆ.

"ಹಮೀದಾಕ ಕೊಟ್ಟದ್ದು. ಇದನ್ನು ತಲೆಗೆ ಹಚ್ಚಬಾರದು ಅಂತ ರಾಯರಿಗೆ ಹೇಳು ಅಂದ್ರು" ಎಂದ. ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು. ನಗಲಿಲ್ಲ. ನಾನೂ ನಗಲಿಲ್ಲ. ಅಡುಗೆಮನೆಯಲ್ಲಿ ಸುಮತಿ ನಕ್ಕದ್ದು ಕೇಳಿಸಿತು.

ಆ ಎಣ್ಣೆಗೆ ಕೆಲಸವೇ ಬರಲಿಲ್ಲ. ಅದೇ ತಿಂಗಳು ರೈಫಲನ್ನೂ ಕಾಗದವನ್ನೂ ಪೊಲೀಸರಿಗೆ ಒಪ್ಪಿಸಿದೆ. ಕೊನೆಯ ಸಲ ಕೈಯಲ್ಲಿ ಹಿಡಿದಾಗ ಆ ಮರ ಮೊದಲಿನಷ್ಟೇ ನುಣುಪಾಗಿತ್ತು, ಅದರದ್ದೇನೂ ತಪ್ಪಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಯಾವುದನ್ನೂ ಖಾಲಿ ಎಂದು ಹೇಳಲಾರೆ. ಕಾಫಿಪುಡಿಯ ಡಬ್ಬಿಗೂ ಬೆರಳು ಹಾಕಿ ನೋಡುತ್ತೇನೆ, ಅಂಚೆಪೆಟ್ಟಿಗೆಗೂ. ಮಕ್ಕಳು ನಗುತ್ತಾರೆ. ಮನುಷ್ಯರ ಮೌನಕ್ಕೂ ಹಾಗೆ ಬೆರಳು ಹಾಕಿ ನೋಡುವ ಉಪಾಯವಿದ್ದಿದ್ದರೆ ವಸಂತನಿಗೆ ಒಂಬತ್ತು ದಿನದ ಸಂಕಟ ತಪ್ಪುತ್ತಿತ್ತು. ಅವನು ಆಮೇಲೂ ನನ್ನನ್ನು ಭಾವ ಎಂದೇ ಕರೆದ, ಇಂದಿಗೂ ಕರೆಯುತ್ತಾನೆ. ಆದರೆ ನಾನು ಏನಾದರೂ ಖಚಿತವಾಗಿ ಹೇಳಿದಾಗ ಒಂದು ಗಳಿಗೆ ನನ್ನ ಮುಖ ನೋಡುತ್ತಾನೆ. ನೋಡಬೇಕಾದದ್ದೇ.

ಡಬ್ಬಿ ಬಂದ ಮರುದಿನ, ಶನಿವಾರ, ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಆಫೀಸಿನ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು.

"ಎಬ್ಬಿಸಬಾರದಿತ್ತಾ?" ಎಂದು ಗಾಬರಿಯಿಂದ ಹೊರಗೆ ಬಂದೆ.

"ಎರಡು ಸಲ ಬಂದೆ" ಎಂದಳು ಸುಮತಿ. "ಎಬ್ಬಿಸ್ಲಿಕ್ಕೆ ಮನಸ್ಸಾಗ್ಲಿಲ್ಲ. ಅವನನ್ನೂ ಎಬ್ಬಿಸ್ಲಿಲ್ಲ."

ಹಾಲಿನಲ್ಲಿ ವಸಂತ ಬಾಯಿ ತೆರೆದು ಮಲಗಿದ್ದ. ನೀರೆತ್ತುವ ಪಂಪು ಎಂದೋ ನಿಂತಿತ್ತು. ಅವನ ಗೊರಕೆ ಇನ್ನೂ ನಿಂತಿರಲಿಲ್ಲ.